ಅರಿಶಿನ ಮೊದಲು, ಸಿಸ್ಪ್ಲಾಟಿನ್ ಆಮೇಲೆ: ನನ್ನ ಅನುಭವ

ಕೊನೆಗೂ ಸಿಐ (ಕಾಂಬಿನೇಷನ್ ಇಂಡೆಕ್ಸ್) ಒಂದಕ್ಕಿಂತ ಕೆಳಗೆ ಇಳಿಯಿತು. ಎರಡು ಔಷಧಿ ಒಂದಕ್ಕೊಂದು ಬಲ ಕೊಟ್ಟರೆ ಈ ಅಂಕಿ ಒಂದಕ್ಕಿಂತ ಕಡಿಮೆ, ಅಡ್ಡ ಬಂದರೆ ಹೆಚ್ಚು. ಮೂರು ಬೇರೆ ಬೇರೆ ಪ್ಯಾಸೇಜಿನ (ಹೊಸ ಫ್ಲಾಸ್ಕಿಗೆ ಹೊರಳಿಸಿ ಬೆಳೆಸಿದ ತಲೆಮಾರಿನ) ಸೆಲ್ ಹಾಕಿ ನೋಡಿದೆ. ಮೂರು ಸಲವೂ 0.55ರಿಂದ 0.7ರ ಒಳಗೇ ನಿಂತಿತು. ಗರ್ಭಕಂಠದ ಕ್ಯಾನ್ಸರಿನ ಹೇಲಾ ಸೆಲ್, ಅರಿಶಿನದ ಹಳದಿ ವಸ್ತು ಕರ್ಕ್ಯುಮಿನ್, ಪ್ಲಾಟಿನಂ ಇರುವ ಕೀಮೋ ಔಷಧಿ ಸಿಸ್ಪ್ಲಾಟಿನ್, ಇಷ್ಟೇ ವಿಷಯ. ಇಷ್ಟಕ್ಕೆ ನಾಲ್ಕು ವರ್ಷ ಹಿಡಿಯಿತು. ಅದರಲ್ಲಿ ಹೆಚ್ಚುಕಡಿಮೆ ಎರಡು ವರ್ಷ ನನ್ನದೇ ತಪ್ಪಿಗೆ ಹೋಯಿತು.

ಮೊದಲ ವರ್ಷದ ಸೆಮಿನಾರಿನಲ್ಲಿ ಒಬ್ಬ ಹಿರಿಯರು ನಕ್ಕುಬಿಟ್ಟಿದ್ದರು. "ಅರಿಶಿನದ ಮ್ಯಾಲೆ ಸಾವಿರಗಟ್ಟಲೆ ಪೇಪರ್ ಬಂದಾವ್ರೀ ಮೇಡಂ. ಇನ್ನೊಂದು ಯಾಕ ಬೇಕು?" ಅವರು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ಕರ್ಕ್ಯುಮಿನ್ ಪ್ರಯೋಗಾಲಯದಲ್ಲಿ ಎಲ್ಲದಕ್ಕೂ 'ಹೌದು' ಅನ್ನುವ ಕಾಂಪೌಂಡ್. ಯಾವ ಅಸ್ಸೇಗೆ (ಪರೀಕ್ಷೆಗೆ) ಹಾಕಿದರೂ ಏನೋ ಒಂದು ತೋರಿಸುತ್ತದೆ. 2017ರಲ್ಲಿ ಅಮೆರಿಕದ ಔಷಧ ರಸಾಯನಶಾಸ್ತ್ರಜ್ಞರು ಇದೇ ದೂರನ್ನು ಉದ್ದಕ್ಕೆ ಬರೆದಿದ್ದಾರೆ. 2002ರ ಇನ್ನೊಂದು ಕೆಲಸವಂತೂ ನೇರವಾಗಿ ನನ್ನ ವಿಷಯಕ್ಕೇ ಕೊಡಲಿ ಹಾಕುವಂಥದ್ದು. ಸ್ತನ ಕ್ಯಾನ್ಸರ್ ಸೆಲ್‌ಗಳಲ್ಲಿ ಕರ್ಕ್ಯುಮಿನ್ ಕೀಮೋ ಔಷಧಿಯ ಕೆಲಸವನ್ನು ತಡೆಯಿತು ಅಂತ ಅದರಲ್ಲಿದೆ. ಡಾಕ್ಸೊರುಬಿಸಿನ್, ಕ್ಯಾಂಪ್ಟೊಥೆಸಿನ್ ಎರಡಕ್ಕೂ ಹಾಗೇ ಆಗಿತ್ತು. ಅಂದರೆ ಜೊತೆಗೆ ಹಾಕಿದ ಮಾತ್ರಕ್ಕೆ ಒಳ್ಳೆಯದಾಗುತ್ತದೆ ಅನ್ನುವ ಗ್ಯಾರಂಟಿ ಇಲ್ಲ. ಅದು ಗೊತ್ತಿದ್ದೇ ಶುರು ಮಾಡಿದೆ.

ಸೆಲ್ ತಂದಿದ್ದು ಪುಣೆಯ ರಾಷ್ಟ್ರೀಯ ಸೆಲ್ ವಿಜ್ಞಾನ ಕೇಂದ್ರ, ಅಂದರೆ ಎನ್‌ಸಿಸಿಎಸ್‌ನಿಂದ. ನಾನೇ ಹೋಗಿದ್ದೆ. ಫ್ಲಾಸ್ಕಿಗೆ ಕಂಠದವರೆಗೆ ಮೀಡಿಯಂ (ಸೆಲ್ ಬೆಳೆಸುವ ದ್ರವ) ತುಂಬಿ, ಪ್ಯಾರಾಫಿಲ್ಮ್ ಸುತ್ತಿ ಕೊಟ್ಟರು. ಧಾರವಾಡಕ್ಕೆ ರಾತ್ರಿ ರೈಲು. ಫ್ಲಾಸ್ಕನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದೆ. ಎದುರಿಗಿದ್ದ ಅಜ್ಜಿ "ಏನವ್ವಾ ಅದು, ಗುಲಾಬಿ ಶರಬತ್ತಾ?" ಅಂದರು. ಹೂಂ ಅಂದುಬಿಟ್ಟೆ.

ಮೊದಲ ಆರು ತಿಂಗಳು ಎಂಟಿಟಿ ಮಾಡಿದೆ. ಬದುಕಿರುವ ಸೆಲ್ ಎಂಟಿಟಿ ಎಂಬ ಹಳದಿ ಬಣ್ಣವನ್ನು ನೇರಳೆ ಮಾಡುತ್ತದೆ, ನೇರಳೆ ಹೆಚ್ಚಿದ್ದಷ್ಟೂ ಬದುಕಿರುವ ಸೆಲ್ ಹೆಚ್ಚು. ಎಲ್ಲರೂ ಮಾಡುವುದು ಅದೇ ಅಲ್ವಾ. ಕರ್ಕ್ಯುಮಿನ್ ಡೋಸ್ ಏರಿದಂತೆ ಸೆಲ್ ಸಾಯಬೇಕು. ನನ್ನ ಗ್ರಾಫ್ ಮೊದಲು ಇಳಿದು, ಆಮೇಲೆ ಮತ್ತೆ ಮೇಲೆ ಹತ್ತುತ್ತಿತ್ತು. ಸತ್ತ ಸೆಲ್ ಮತ್ತೆ ಎದ್ದು ಬಂದವೇನೋ ಅನ್ನುವ ಹಾಗೆ. ಒಂದು ದಿನ ಬೇಸರದಿಂದ ಸೆಲ್ಲೇ ಇಲ್ಲದ ವೆಲ್‌ಗಳಿಗೆ (ಪ್ಲೇಟಿನ ಗುಳಿಗಳಿಗೆ) ಬರೀ ಮೀಡಿಯಂ, ಕರ್ಕ್ಯುಮಿನ್, ಎಂಟಿಟಿ ಹಾಕಿ ಇಟ್ಟೆ. ನಾಲ್ಕು ಗಂಟೆ ಬಿಟ್ಟು ನೋಡಿದರೆ ಅಲ್ಲೂ ತೆಳು ನೇರಳೆ. ಕಾಂಪೌಂಡೇ ಬಣ್ಣವನ್ನು ರಿಡ್ಯೂಸ್ ಮಾಡುತ್ತಿದೆ! ಮೀಡಿಯಂ ತೆಗೆದು, ಎರಡು ಸಲ ಪಿಬಿಎಸ್ ಉಪ್ಪುನೀರಿನಲ್ಲಿ ತೊಳೆದು, ಹೊಸ ಮೀಡಿಯಂನಲ್ಲಿ ಎಂಟಿಟಿ ಕೊಟ್ಟರೆ ಅರ್ಧ ತಲೆನೋವು ಕಡಿಮೆ. ಆದರೂ ನನಗೆ ನಂಬಿಕೆ ಹೋಗಿತ್ತು. ಸೆಲ್ಲಿನ ಪ್ರೋಟೀನಿಗೆ ಬಣ್ಣ ಹಿಡಿಸಿ ಅಳೆಯುವ ಎಸ್‌ಆರ್‌ಬಿಗೆ ಹೊರಳಿದೆ. ತಣ್ಣಗಿನ ಟಿಸಿಎ ಆಮ್ಲ ಹಾಕಿ ಸೆಲ್ಲನ್ನು ಫಿಕ್ಸ್ ಮಾಡಿದರೆ ಮುಗಿಯಿತು. ಬಣ್ಣ ಕೂರಿಸಿ ಒಣಗಿಸಿದ ಪ್ಲೇಟನ್ನು ಯಾವಾಗ ಬೇಕಾದರೂ ಓದಬಹುದು. ನಮ್ಮಲ್ಲಿ ಬಣ್ಣ ಅಳೆಯುವ ಪ್ಲೇಟ್ ರೀಡರ್ ಇಲ್ಲ. ಬೇರೆ ವಿಭಾಗದವರು ಪುರುಸೊತ್ತು ಕೊಟ್ಟಾಗ ಸ್ಕೂಟಿಯಲ್ಲಿ ಒಯ್ಯಬೇಕು. ಹಾಗಾಗಿ ಎಸ್‌ಆರ್‌ಬಿ ನನ್ನಂಥ ಬಡವರಿಗೆ ಹೇಳಿ ಮಾಡಿಸಿದ್ದು.

ಈಗ ದೊಡ್ಡ ತಪ್ಪಿಗೆ ಬರುತ್ತೇನೆ.

ಕರ್ಕ್ಯುಮಿನ್ ನೀರಿನಲ್ಲಿ ಕರಗಲ್ಲ, ಡಿಎಂಎಸ್‌ಓ ಎಂಬ ದ್ರಾವಕ ಬೇಕು. ಎಲ್ಲಾ ಸ್ಟಾಕ್ ದ್ರಾವಣ ಒಂದೇ ದ್ರಾವಕದಲ್ಲಿದ್ದರೆ ಕಂಟ್ರೋಲ್ (ಹೋಲಿಕೆಗೆ ಇಡುವ ಔಷಧಿಯಿಲ್ಲದ ಗುಂಪು) ಸುಲಭ ಅಂತ ಸಿಸ್ಪ್ಲಾಟಿನ್ನನ್ನೂ ಡಿಎಂಎಸ್‌ಓದಲ್ಲೇ ಕರಗಿಸಿದೆ. ಚೆನ್ನಾಗಿ ಕರಗಿತು. ಸಣ್ಣ ಸಣ್ಣ ಟ್ಯೂಬಿಗೆ ಹಾಕಿ ಫ್ರೀಜರಿನಲ್ಲಿಟ್ಟೆ. ಐಸಿ50 (ಸೆಲ್ ಪ್ರಮಾಣವನ್ನು ಅರ್ಧಕ್ಕೆ ಇಳಿಸುವ ಡೋಸ್) ತೆಗೆದರೆ 80 ಮೈಕ್ರೋಮೋಲಾರ್ ದಾಟುತ್ತಿತ್ತು. ಬೇರೆಯವರಿಗೆ 10, 15 ಬರುತ್ತದೆ. ನನ್ನ ಹೇಲಾ ಔಷಧಿಗೆ ಬಗ್ಗದ ರೆಸಿಸ್ಟೆಂಟ್ ಆಗಿರಬೇಕು ಅಂದುಕೊಂಡೆ. ಮೈಕೋಪ್ಲಾಸ್ಮಾ ಬ್ಯಾಕ್ಟೀರಿಯಾ ಸೇರಿರಬೇಕು ಅಂತ ಪಿಸಿಆರ್ ಮಾಡಿಸಿದೆ, ಅದಕ್ಕೊಂದಿಷ್ಟು ದುಡ್ಡು. ಮೀಡಿಯಂಗೆ ಹಾಕುವ ಸೀರಮ್ ಬ್ಯಾಚ್ ಕೆಟ್ಟಿದೆ ಅಂತ ಹೊಸ ಬಾಟಲಿ ತರಿಸಿದೆ, ಅದಕ್ಕೆ ಮೂವತ್ತು ಸಾವಿರದ ಹತ್ತಿರ. ಫೆಲೋಶಿಪ್ ಆಗ ಏಳು ತಿಂಗಳಿಂದ ಬಂದಿರಲಿಲ್ಲ. ಅಣ್ಣನ ಹತ್ತಿರ ಕೈಗಡ ತೆಗೆದುಕೊಂಡೆ.

ಡಿಎಂಎಸ್‌ಓದಲ್ಲಿರುವ ಗಂಧಕ ಹೋಗಿ ಪ್ಲಾಟಿನಂಗೆ ಅಂಟಿಕೊಳ್ಳುತ್ತದೆ, ಕ್ಲೋರೈಡನ್ನು ಹೊರಗೆ ತಳ್ಳುತ್ತದೆ. ಔಷಧಿ ಸ್ಟಾಕ್ ಟ್ಯೂಬಿನಲ್ಲೇ ನಿಷ್ಪ್ರಯೋಜಕ. ಇದು ಹಳೆಯ ವಿಷಯ. ಅದರ ಬಗ್ಗೆಯೇ ಪೇಪರುಗಳಿವೆ. ನಾನು ಓದಿರಲಿಲ್ಲ, ಅಷ್ಟೇ. ಇನ್ನೂ ನಾಚಿಕೆಯ ಮಾತು ಅಂದರೆ, ಕಾಂಬಿನೇಷನ್ ಮಾಡುವಾಗ ಎರಡೂ ಸ್ಟಾಕನ್ನು ಒಂದೇ ಟ್ಯೂಬಿನಲ್ಲಿ ಬೆರೆಸಿ ಇಡುತ್ತಿದ್ದೆ, ಕೆಲಸ ಬೇಗ ಆಗಲಿ ಅಂತ. 'ಕರ್ಕ್ಯುಮಿನ್ ಸಿಸ್ಪ್ಲಾಟಿನ್‌ಗೆ ಅಡ್ಡಿ' ಅಂತ ಒಂದು ಪೋಸ್ಟರನ್ನೂ ಅಂಟಿಸಿ ಬಂದಿದ್ದೆ. ಅಡ್ಡಿ ಇದ್ದದ್ದು ದ್ರಾವಕದ್ದು.

ಸಿಸ್ಪ್ಲಾಟಿನ್‌ಗೆ ಸಲೈನ್ ಬೇಕು. 0.9 ಶೇಕಡಾ ಉಪ್ಪುನೀರು, ಬೇರೇನೂ ಬೇಡ. ಪುಡಿ ತರಿಸುವುದೂ ಬೇಡ, ಅದಕ್ಕೆ ಸಾವಿರಗಟ್ಟಲೆ ಸುರಿಯಬೇಕು. ಆಸ್ಪತ್ರೆಗೆ ಬರುವ ಇಂಜೆಕ್ಷನ್ ವಯಲ್ ಸಲೈನ್‌ನಲ್ಲೇ ಇರುತ್ತದೆ, ಮಿಲಿಗೆ 1 ಮಿಲಿಗ್ರಾಂ. ಅಂದರೆ ಸುಮಾರು 3.3 ಮಿಲಿಮೋಲಾರ್ ಸ್ಟಾಕ್ ರೆಡಿ. ಗೈಡ್ ಸರ್ ಪತ್ರ ಬರೆದುಕೊಟ್ಟರು, ಕೆಲವೇ ನೂರು ರೂಪಾಯಿಗೆ ಸಿಕ್ಕಿತು. ಕತ್ತಲಲ್ಲಿ ಇಡಿ, ಆದರೆ ಫ್ರಿಜ್ಜಿಗೆ ಹಾಕಬೇಡಿ. ಹರಳುಗಟ್ಟಿ ತಳಕ್ಕೆ ಕೂರುತ್ತದೆ. ಅದನ್ನೂ ಮಾಡಿ ನೋಡಿದ್ದೇನೆ. ಹೊಸ ಸ್ಟಾಕಿನಲ್ಲಿ ಐಸಿ50 ಮೊದಲ ಪ್ಲೇಟಿಗೇ 12ಕ್ಕೆ ಇಳಿಯಿತು. ಅವತ್ತು ಕ್ಯಾಂಟೀನಿನಲ್ಲಿ ಎಲ್ಲರಿಗೂ ಮಿರ್ಚಿ ನನ್ನ ಲೆಕ್ಕದಲ್ಲಿ.

ಕರ್ಕ್ಯುಮಿನ್ ಕಡೆಯ ಕಾಟ ಬೇರೆ ಥರ. ಸೀರಮ್ ಇಲ್ಲದ ಬಫರಿನಲ್ಲಿ ಅರ್ಧ ಗಂಟೆಯೊಳಗೆ ಬಹುಪಾಲು ಒಡೆದುಹೋಗುತ್ತದೆ. ಸೀರಮ್ ಇದ್ದರೆ ಕೆಲವು ಗಂಟೆ ತಾಳುತ್ತದೆ. ಹಾಗಾದರೆ '48 ಗಂಟೆ ಕರ್ಕ್ಯುಮಿನ್ ಕೊಟ್ಟೆವು' ಅಂತ ಬರೆಯುವವರು ನಿಜವಾಗಿ ಎಷ್ಟು ಗಂಟೆ ಕೊಟ್ಟರು? ಬೆಳಕಿಗೂ ಆಗಲ್ಲ. ನಾನು ಸೆಲ್ ಕೆಲಸದ ಪೆಟ್ಟಿಗೆಯ (ಹುಡ್) ದೀಪ ಆರಿಸಿ, ಫಾಯಿಲ್ ಸುತ್ತಿ ಕೆಲಸ ಮಾಡುತ್ತೇನೆ. "ಮೇಡಂ, ಕತ್ತಲದಾಗ ಏನ್ ಮಾಡಾಕ ಹತ್ತೀರಿ?" ಅಂತ ನಮ್ಮ ಅಟೆಂಡರ್ ಕಾಕಾ ವಾರಕ್ಕೊಮ್ಮೆ ಕೇಳುತ್ತಾರೆ. ಡೋಸ್ ಜಾಸ್ತಿ ಮಾಡಿದರೆ ಮೀಡಿಯಂನಲ್ಲಿ ಸೂಜಿಯಂಥ ಹರಳು ಬೀಳುತ್ತದೆ. ನನಗೆ 30 ಮೈಕ್ರೋಮೋಲಾರ್ ದಾಟಿದ ಮೇಲೆ ಕಾಣಿಸಿತು. ಹರಳು ನೋಡದೆ ಐಸಿ50 ಬರೆಯಬೇಡಿ.

ಈ ಒಡೆಯುವ ಗುಣದಿಂದಲೇ ನನಗೆ ದಾರಿ ಹೊಳೆದದ್ದು. ಹೇಗೂ ಬೇಗ ಹೋಗುವ ವಸ್ತು. ಮೊದಲು ಅದನ್ನೊಂದೇ ಕೊಟ್ಟು, ತೊಳೆದು, ಆಮೇಲೆ ಸಿಸ್ಪ್ಲಾಟಿನ್ ಕೊಟ್ಟರೆ? ಮೂರು ಗುಂಪು ಮಾಡಿದೆ. ಎರಡೂ ಒಟ್ಟಿಗೆ ಕೊಟ್ಟಾಗ ಸಿಐ 1.2ರ ಹತ್ತಿರ. ಸಿಸ್ಪ್ಲಾಟಿನ್ ಮೊದಲಾದರೆ ಒಂದರ ಅಕ್ಕಪಕ್ಕ. ಕರ್ಕ್ಯುಮಿನ್ ಮೊದಲಾದರೆ 0.6. ಎಷ್ಟು ಗಂಟೆ ಬಿಟ್ಟು ತೊಳೆಯಬೇಕು ಅನ್ನುವುದನ್ನು ಈಗ ಹೇಳಲ್ಲ, ಪೇಪರ್ ಹೊರಬರಲಿ. ಒಂದು ರಾತ್ರಿಗಿಂತ ಕಡಿಮೆ ಅಂತ ಮಾತ್ರ ಹೇಳಬಲ್ಲೆ. ತೊಳೆಯುವ ಮೀಡಿಯಂನಲ್ಲೂ ಒಂದು ಸಣ್ಣ ಉಪಾಯ ಇದೆ, ಅದೂ ನನ್ನ ಹತ್ತಿರವೇ ಇರಲಿ.

ನಕ್ಕಿದ್ದ ಆ ಹಿರಿಯರೇ ಈ ಸಲ ಒಳ್ಳೆಯ ಪ್ರಶ್ನೆ ಕೇಳಿದರು. "ತೊಳದ್ರ ಡಿಎಂಎಸ್‌ಓನೂ ಹೋಗ್ತದಲ್ರೀ. ಒಟ್ಟಿಗೆ ಕೊಟ್ಟಾಗ ಅದು ಸಿಸ್ಪ್ಲಾಟಿನ್ ಜೋಡಿ ಇರ್ತದ. ವ್ಯತ್ಯಾಸ ಅದರದ್ದ ಇರಬಹುದಲ್ಲ?" ಮನೆಗೆ ಬಂದು ನಿದ್ದೆ ಬರಲಿಲ್ಲ. ಕರ್ಕ್ಯುಮಿನ್ ಇಲ್ಲದೆ ಬರೀ 0.1 ಶೇಕಡಾ ಡಿಎಂಎಸ್‌ಓ ಹಾಕಿ ಮೂರೂ ಕ್ರಮದಲ್ಲಿ ಮಾಡಿದೆ. ಸಿಸ್ಪ್ಲಾಟಿನ್ ಜೊತೆ ಒಟ್ಟಿಗೆ ಇದ್ದಾಗ ಐಸಿ50 ಸ್ವಲ್ಪ ಏರಿತು, ಒಂದೆರಡು ಮೈಕ್ರೋಮೋಲಾರ್. ಉಳಿದ ಎರಡು ಕ್ರಮದಲ್ಲಿ ಏನೂ ಇಲ್ಲ. ಹಾಗಾಗಿ ಆ 1.2ರಲ್ಲಿ ಒಂದು ಪಾಲು ದ್ರಾವಕದ್ದು ಅಂತ ಒಪ್ಪುತ್ತೇನೆ. 0.6 ಮಾತ್ರ ಅಲ್ಲಾಡಲಿಲ್ಲ.

ಮಧ್ಯದಲ್ಲಿ ಸುಮ್ನೆ ಕೆಲವು ಆಟ ಆಡಿದೆ. ಸಂತೆಯಿಂದ ಅರಿಶಿನ ಕೊಂಬು ತಂದು ಪುಡಿ ಮಾಡಿ ಅಸಿಟೋನಿನಲ್ಲಿ ಎಳೆದೆ. ಮಿಶ್ರಣದ ವಸ್ತುಗಳನ್ನು ಬೇರೆ ಬೇರೆ ಚುಕ್ಕೆ ಮಾಡುವ ಟಿಎಲ್‌ಸಿಯಲ್ಲಿ ಮೂರು ಚುಕ್ಕೆ ಚೆಂದಾಗಿ ಬಂತು. ಕೊಂಡು ತಂದ '95 ಶೇಕಡಾ' ಬಾಟಲಿಯಲ್ಲೂ ಅದೇ ಮೂರು ಚುಕ್ಕೆ! ಕರ್ಕ್ಯುಮಿನ್ ಅಂತ ಮಾರುವುದು ಸಾಮಾನ್ಯವಾಗಿ ಮೂರು ಅಣ್ಣತಮ್ಮಂದಿರ ಮಿಶ್ರಣ. ನನ್ನ ಕಚ್ಚಾ ಸಾರ ಸೆಲ್ಲಿನ ಮೇಲೆ ಮೂರು ದಿನ ಚೆನ್ನಾಗಿ ಕೆಲಸ ಮಾಡಿತು, ನಾಲ್ಕನೆಯ ದಿನ ಫಂಗಸ್ ಬಂತು. ಇನ್‌ಕ್ಯುಬೇಟರ್ ಪೂರ್ತಿ ತೊಳೆಯಬೇಕಾಯಿತು. ಸಾರ ಫಿಲ್ಟರ್ ಮಾಡದೆ ಒಳಗೆ ಒಯ್ದರೆ ಇದೇ ಗತಿ.

ಶಿರಸಿಯ ಕಾಳುಮೆಣಸಿನಿಂದ ಅದರ ಖಾರದ ವಸ್ತು ಪೈಪರಿನ್ ತೆಗೆದೂ ನೋಡಿದೆ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಮಾಡಿದ ಒಂದು ಕೆಲಸ ಇದೆ. 2 ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿಲಿಗ್ರಾಂ ಪೈಪರಿನ್ ಕೊಟ್ಟರೆ ರಕ್ತಕ್ಕೆ ಸೇರುವುದು 2000 ಶೇಕಡಾ ಹೆಚ್ಚಾಯಿತು. ನನ್ನ ಪ್ಲೇಟಿನಲ್ಲಿ ಏನೂ ಹೆಚ್ಚಲಿಲ್ಲ. ಹೆಚ್ಚುವುದಾದರೂ ಹೇಗೆ, ಪ್ಲೇಟಿಗೆ ಕರುಳೂ ಇಲ್ಲ, ಲಿವರೂ ಇಲ್ಲ.

ಇದೇ ಮಾತನ್ನು ಊರಿನವರಿಗೂ ಹೇಳಬೇಕಾಗುತ್ತದೆ. ಹೋದ ತಿಂಗಳು ನಮ್ಮ ದೊಡ್ಡಮ್ಮ ಫೋನ್ ಮಾಡಿ, ಪಕ್ಕದ ಮನೆಯವರಿಗೆ ಕೀಮೋ ನಡೆದಿದೆ, ಅರಿಶಿನ ಮೆಣಸಿನ ಕಷಾಯ ಎಷ್ಟು ಕೊಡಬೇಕು ಅಂತ ಕೇಳಿದರು. ಕೊಡಲೇಬೇಡಿ ದೊಡ್ಡಮ್ಮ, ಡಾಕ್ಟರನ್ನು ಕೇಳದೆ ಏನೂ ಬೇಡ ಅಂದೆ. ಪೈಪರಿನ್ ಅರಿಶಿನವನ್ನು ಮಾತ್ರ ಹೆಚ್ಚಿಸಲ್ಲ, ಔಷಧಿ ಒಡೆಯುವ ಎನ್‌ಜೈಮನ್ನೇ ತಡೆಯುತ್ತದೆ. ಕೀಮೋ ಔಷಧಿಯೇ ರಕ್ತದಲ್ಲಿ ಏರಿದರೆ? ಅಡುಗೆಗೆ ಹಾಕುವ ಚಿಟಿಕೆ ಅರಿಶಿನ ಬೇರೆ, ಲೋಟಗಟ್ಟಲೆ ಕಷಾಯ, ಮಾತ್ರೆ ಬೇರೆ. "ಮತ್ತ ನೀ ನಾಲ್ಕು ವರ್ಷದಿಂದ ಮಾಡಿದ್ದೇನು?" ಅಂದರು. ಉತ್ತರ ಹೇಳುವ ಮೊದಲೇ ಫೋನ್ ಇಟ್ಟರು.

ನಾರ್ಮಲ್ ಸೆಲ್ ಮೇಲೆ ನೋಡಿದ್ದೀರಾ ಅಂತ ಎಲ್ಲರೂ ಕೇಳುತ್ತಾರೆ. ಮನುಷ್ಯ ಭ್ರೂಣದ ಮೂತ್ರಪಿಂಡದಿಂದ ಬಂದ ಹೆಚ್‌ಇಕೆ-293 ಸೆಲ್ ಮೇಲೆ ನೋಡಿದ್ದೇನೆ, ಅಷ್ಟು ಹಾನಿ ಇಲ್ಲ. ಆದರೆ ವೈರಸ್ಸಿನ ಡಿಎನ್‌ಎ ತುರುಕಿ ಅಮರ ಮಾಡಿದ ಸೆಲ್ಲಿಗೆ ನಾರ್ಮಲ್ ಅನ್ನಲು ನನಗೇ ನಗು ಬರುತ್ತದೆ. ನೇರ ಅಂಗಾಂಶದಿಂದ ತೆಗೆದ ಪ್ರೈಮರಿ ಸೆಲ್ ಕೊಳ್ಳುವಷ್ಟು ದುಡ್ಡಿಲ್ಲ. ಒಟ್ಟು ಖರ್ಚು ಮೂರು ಲಕ್ಷ ದಾಟಿದೆ, ಅದರಲ್ಲಿ ನನ್ನ ಕೈಯಿಂದ ಹೋದದ್ದು ಎಪ್ಪತ್ತು ಸಾವಿರ ಇರಬಹುದು. ಅಣ್ಣನ ಸಾಲ ಇನ್ನೂ ಅರ್ಧ ಬಾಕಿ.

ಈಗ ಸಿಹಾ ಸೆಲ್ಲಿಗೆ ಕೈ ಹಾಕಿದ್ದೇನೆ. ಅದೂ ಗರ್ಭಕಂಠದ್ದೇ, ಹೇಲಾದಲ್ಲಿ ಎಚ್‌ಪಿವಿ ವೈರಸ್ಸಿನ 18ನೇ ಬಗೆ ಇದ್ದರೆ ಇದರಲ್ಲಿ 16ನೇ ಬಗೆ. ಅದೇ ಗಂಟೆ, ಅದೇ ಕ್ರಮ. ಮೊದಲ ಪ್ಲೇಟಿನಲ್ಲಿ ಸಿಐ 0.9 ಬಂದಿದೆ. ಅದು ಬೆಳೆಯುವ ವೇಗ ಬೇರೆ, ಗಂಟೆ ಬದಲಿಸಬೇಕೇನೋ. ಎರಡನೆಯ ಪ್ಲೇಟ್ ಸೋಮವಾರ ಹಾಕುತ್ತೇನೆ, ಕರೆಂಟ್ ಇದ್ದರೆ.