ಎಂಟು ಕ್ಯೂ ಇದ್ರೂ ಪ್ಯಾಕೆಟ್ ಎಲ್ಲಾ ಒಂದಕ್ಕೇ ಹೋಗ್ತಿತ್ತು, ನಾನು ಸರಿ ಮಾಡಿದ್ದು ಹೀಗೆ

ನಮ್ಮ ಲಿನಕ್ಸ್ ಸರ್ವರ್‌ನ ನೆಟ್‌ವರ್ಕ್ ಕಾರ್ಡಲ್ಲಿ 8 ರಿಸೀವ್ ಕ್ಯೂ (ಬಂದ ಪ್ಯಾಕೆಟ್ ಕಾಯೋ ಸಾಲು) ಇದೆ, ಆದ್ರೂ ಒಂದೇ ಸಿಪಿಯು ಕೋರ್ 100% ಓಡ್ತಾ ಪ್ಯಾಕೆಟ್ ಡ್ರಾಪ್ ಆಗ್ತಿತ್ತು, ಮಿಕ್ಕ ಏಳು ಕೋರ್ ಸುಮ್ನೆ ಕೂತಿದ್ವು. ಮೊದ್ಲು ಇಂಟರಪ್ಟ್ ಅಫಿನಿಟಿ (ಯಾವ ಕ್ಯೂನ ಇಂಟರಪ್ಟ್ ಯಾವ ಕೋರ್‌ಗೆ ಅನ್ನೋ ಸೆಟ್ಟಿಂಗ್) ಮೇಲೆ ಅನುಮಾನ ಬಂತು, ನೋಡಿದ್ರೆ ಒಂದೊಂದು ಕ್ಯೂಗೂ ಒಂದೊಂದು ಕೋರ್ ಸರಿಯಾಗೇ ಇತ್ತು. ನೆಟ್‌ವರ್ಕ್ ಕಾರ್ಡ್ ಸೆಟ್ಟಿಂಗ್ ನೋಡೋ, ಬದಲಾಯಿಸೋ ಎತ್‌ಟೂಲ್ ಕಮಾಂಡಲ್ಲಿ ಇಂಡೈರೆಕ್ಷನ್ ಟೇಬಲ್ (ಪ್ಯಾಕೆಟ್ ಯಾವ ಕ್ಯೂಗೆ ಅಂತ ಹೇಳೋ ಪಟ್ಟಿ) ತೆಗೆದ್ರೆ ಅದೂ ಸರಿ, 128 ಎಂಟ್ರಿ 0ಯಿಂದ 7ರವರೆಗೆ ಸಮವಾಗಿ ಹಂಚಿತ್ತು. ಟಿಸಿಪಿ ಟೆಸ್ಟ್ ಮಾಡಿದ್ರೆ ಎಂಟೂ ಕ್ಯೂ ಕೌಂಟರ್ ಏರ್ತಿತ್ತು, ಇದೇ ನನ್ನ ದಾರಿ ತಪ್ಪಿಸಿದ್ದು, ಎರಡು ದಿನ ಡ್ರೈವರ್ ಕೋಡ್ ಓದ್ತಾ ಕೂತೆ.

ಆಮೇಲೆ ಹೊಳೀತು, ನಮ್ಮ ಟ್ರಾಫಿಕ್ ಯುಡಿಪಿ, ಅದೂ ಎರಡೇ ಮಷೀನ್ ಮಧ್ಯೆ. ಕಾರ್ಡು ಪ್ಯಾಕೆಟ್ ಹೆಡರ್‌ನಿಂದ ಹ್ಯಾಶ್ ಅನ್ನೋ ಒಂದು ಸಂಖ್ಯೆ ಲೆಕ್ಕ ಹಾಕಿ ಅದರ ಕೊನೇ ಬಿಟ್‌ಗಳನ್ನ ಇಟ್ಕೊಂಡು ಟೇಬಲಲ್ಲಿ ಕ್ಯೂ ಹುಡುಕುತ್ತೆ, ಆದ್ರೆ ಈ ಡ್ರೈವರ್ ಯುಡಿಪಿಗೆ ಡೀಫಾಲ್ಟಾಗಿ ಬರೀ ಎರಡು ಐಪಿ ಅಡ್ರೆಸ್ ತಗೊಳ್ತಿತ್ತು, ಪೋರ್ಟ್ ಎಷ್ಟೇ ಬೇರೆ ಇದ್ರೂ ಹ್ಯಾಶ್ ಒಂದೇ, ಹಂಗಾಗಿ ಕ್ಯೂನೂ ಒಂದೇ.

ಎತ್‌ಟೂಲಲ್ಲಿ ಆರ್‌ಎಕ್ಸ್ ಫ್ಲೋ ಹ್ಯಾಶ್ ಯುಡಿಪಿ4ಗೆ ಎಸ್‌ಡಿಎಫ್‌ಎನ್ ಅಂತ ಸೆಟ್ ಮಾಡ್ದೆ, ಅಂದ್ರೆ ಎರಡೂ ಐಪಿ ಜೊತೆ ಎರಡೂ ಪೋರ್ಟ್. ತಕ್ಷಣ ಎಂಟೂ ಕೋರ್‌ಗೆ ಲೋಡ್ ಹಂಚ್ಕೊಂಡು ಡ್ರಾಪ್ ನಿಂತೋಯ್ತು!

ಒಂದು ಎಚ್ಚರ, ದೊಡ್ಡ ಯುಡಿಪಿ ಪ್ಯಾಕೆಟ್ ಫ್ರಾಗ್ಮೆಂಟ್ ಆದ್ರೆ, ಅಂದ್ರೆ ತುಂಡಾದ್ರೆ, ಎರಡನೇ ತುಂಡಿಂದ ಮುಂದಕ್ಕೆ ಪೋರ್ಟ್ ನಂಬರ್ ಇರಲ್ಲ, ಅವು ಬೇರೆ ಕ್ಯೂಗೆ ಹೋಗಿ ಆರ್ಡರ್ ತಪ್ಪಬಹುದು. ನಮ್ಮದೆಲ್ಲ 1500 ಬೈಟ್ ಒಳಗೇ ಇರೋದ್ರಿಂದ ತೊಂದರೆ ಆಗ್ಲಿಲ್ಲ. ರೀಬೂಟ್ ಆದ್ರೆ ಸೆಟ್ಟಿಂಗ್ ಹೋಗುತ್ತೆ, ಬೂಟ್ ಸ್ಕ್ರಿಪ್ಟಿಗೆ ಹಾಕ್ಬಿಡಿ.