ಬೆಳಕು ತಗ್ಗಿತು ಅಂದಮಾತ್ರಕ್ಕೆ ಗ್ರಹ ಸಿಕ್ಕಿತು ಅಂತಲ್ಲ

ದೂರದ ನಕ್ಷತ್ರಗಳ ಸುತ್ತ ಸುತ್ತುವ ಗ್ರಹ ಹುಡುಕಲು ಮನೆಯಲ್ಲಿ ದೂರದರ್ಶಕ ಬೇಕಿಲ್ಲ. ಸಾಧಾರಣ ಲ್ಯಾಪ್‌ಟಾಪ್, ಇಂಟರ್ನೆಟ್ ಸಾಕು. 2018ರಲ್ಲಿ ನಾಸಾ ಹಾರಿಸಿದ ಟೆಸ್ ಅನ್ನುವ ಬಾಹ್ಯಾಕಾಶ ದೂರದರ್ಶಕ ನೌಕೆ ಆಕಾಶದ ಒಂದೊಂದು ತುಂಡನ್ನು ಸುಮಾರು 27 ದಿನ ನೋಡುತ್ತದೆ, ಆ ಮಾಹಿತಿಯೆಲ್ಲ ಪುಕ್ಕಟೆ. ಗ್ರಹ ತನ್ನ ನಕ್ಷತ್ರದ ಮುಂದೆ ಹಾದರೆ ಬೆಳಕು ಚೂರು ತಗ್ಗುತ್ತದೆ. ನಾವು ಹುಡುಕುವುದು ಆ ತಗ್ಗನ್ನು.

ಮೊದಲು ಪೈಥಾನ್‌ನಲ್ಲಿ ಲೈಟ್‌ಕರ್ವ್ ಅನ್ನುವ ತಂತ್ರಾಂಶ ಹಾಕಿಕೊಳ್ಳಿ, ನಕ್ಷತ್ರದ ಬೆಳಕು ಯಾವಾಗ ಎಷ್ಟಿತ್ತು ಅನ್ನುವ ಗ್ರಾಫ್ ಅದರಲ್ಲಿ ಸಿಗುತ್ತದೆ. ಕೋಡ್ ಬೇಡ ಅನ್ನುವವರು ಝೂನಿವರ್ಸ್ ತಾಣದ ಪ್ಲಾನೆಟ್ ಹಂಟರ್ಸ್ ಟೆಸ್‌ಗೆ ಹೋಗಿ.

ನಕ್ಷತ್ರ ಆರಿಸುವಾಗ ಸೂರ್ಯನಂಥದ್ದರ ಹಿಂದೆ ಬೀಳಬೇಡಿ, ಕೆಂಪು ಕುಬ್ಜ ಅನ್ನುವ ಪುಟ್ಟ, ಮಂಕು ನಕ್ಷತ್ರವನ್ನೇ ಹಿಡಿಯಿರಿ. ನಮ್ಮ ಭೂಮಿ ಸೂರ್ಯನ ಬೆಳಕನ್ನು ಮರೆಮಾಡುವುದು ಶೇ 0.008ರಷ್ಟು ಮಾತ್ರ. ಆದರೆ ಸೂರ್ಯನ ಶೇ 12ರಷ್ಟು ಅಗಲವಿರುವ ಟ್ರಾಪಿಸ್ಟ್-1 ಅನ್ನುವ ಕೆಂಪು ಕುಬ್ಜದ ಮುಂದೆ ಭೂಮಿಯಷ್ಟು ದೊಡ್ಡ ಗ್ರಹ ಹಾದರೆ ಶೇ 0.6ರಷ್ಟು ತಗ್ಗು ಬೀಳುತ್ತದೆ. ವ್ಯತ್ಯಾಸ ಎಷ್ಟು ಜಾಸ್ತಿ ನೋಡಿ.

ಆಮೇಲೆ ಗ್ರಾಫಿನ ನಿಧಾನದ ಏರಿಳಿತ ಸವರಬೇಕು. ಸವರುವ ಕಿಟಕಿಯನ್ನು, ಅಂದರೆ ಒಂದು ಸಲಕ್ಕೆ ಸವರುವ ಅವಧಿಯನ್ನು, ಎರಡು ಮೂರು ಗಂಟೆಗೆ ಇಟ್ಟರೆ, ಕೇರುವಾಗ ಹೊಟ್ಟಿನ ಜೊತೆ ಅಕ್ಕಿಯೂ ಹಾರಿಹೋದ ಹಾಗೆ, ಗ್ರಹದ ತಗ್ಗೇ ಮಾಯ. ನಾನು ಒಂದು ದಿನಕ್ಕಿಂತ ಕಡಿಮೆ ಇಡುವುದೇ ಇಲ್ಲ. ಒಂದು ಕ್ಲಿಕ್ಕಿಗೆ ಗ್ರಹ ಹುಡುಕಿಕೊಡುತ್ತೇವೆ ಅನ್ನುವ ಆಪ್‌ಗಳಿಗೆ ದುಡ್ಡು ಸುರಿಯಬೇಡಿ, ಅವು ಮುಂದಿನ ಪರೀಕ್ಷೆಗಳನ್ನು ನಿಮಗೆ ಕಲಿಸುವುದಿಲ್ಲ.

ಎಲ್ಲರೂ ಎಡವುವುದು ಇಲ್ಲೇ. ಹೋದ ವರ್ಷ ಒಬ್ಬ ಕಾಲೇಜು ಹುಡುಗಿ ಗ್ರಾಫ್ ತಂದು ತೋರಿಸಿದಳು. 2.1 ದಿನಕ್ಕೊಮ್ಮೆ ಅಚ್ಚುಕಟ್ಟಾದ ತಗ್ಗು. ಮನೆಯವರಿಗೆಲ್ಲ ಸಿಹಿ ಹಂಚಿಯಾಗಿತ್ತು. ತಗ್ಗುಗಳನ್ನು ಒಂದರ ಮೇಲೊಂದು ಮಡಚಿಟ್ಟಿದ್ದಳು, ಅದರಿಂದಲೇ ಮೋಸವಾಗಿತ್ತು. ಬಿಡಿಸಿ ಒಂದೊಂದೇ ಅಳೆದರೆ ಮೊದಲನೆಯದು ಶೇ 1.3, ಎರಡನೆಯದು 0.9, ಮೂರನೆಯದು ಮತ್ತೆ 1.3. ಅಂದರೆ ಅವು 4.2 ದಿನಕ್ಕೊಮ್ಮೆ ಒಂದನ್ನೊಂದು ಮರೆಮಾಡುವ ಎರಡು ನಕ್ಷತ್ರಗಳು, ಗ್ರಹವಲ್ಲ. ಹಾಗಾಗಿ ಬೆಸ ತಗ್ಗು, ಸರಿ ತಗ್ಗು ಬೇರೆ ಬೇರೆ ಅಳೆಯಿರಿ. ತಳ ಬಾಣಲೆಯಂತೆ ಚಪ್ಪಟೆಯಾಗಿದ್ದರೆ ಆಸೆ ಇಟ್ಟುಕೊಳ್ಳಿ, ಆಲಿಕೆಯಂತೆ ಚೂಪಾಗಿದ್ದರೆ ಅನುಮಾನಪಡಿ. ಟೆಸ್‌ನ ಒಂದೊಂದು ಪಿಕ್ಸೆಲ್ 21 ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯ 3600ರಲ್ಲಿ ಒಂದು ಪಾಲು ಒಂದು ಆರ್ಕ್‌ಸೆಕೆಂಡ್) ಅಗಲ, ಪಕ್ಕದ ನಕ್ಷತ್ರದ ಬೆಳಕೂ ಅದರೊಳಗೆ ಬೆರೆತಿರುತ್ತದೆ, ಆದ್ದರಿಂದ ತಗ್ಗು ಯಾವ ಪಿಕ್ಸೆಲ್‌ನಲ್ಲಿ ಬಿದ್ದಿದೆ ಅಂತ ನೋಡದೆ ಸುಮ್ನೆ ಮುಂದೆ ಹೋಗಬೇಡಿ. ಅದೇ ಹೊತ್ತಿಗೆ ಅಕ್ಕಪಕ್ಕದ ನಕ್ಷತ್ರಗಳೂ ಮಂಕಾಗಿದ್ದರೆ ಅದು ನೌಕೆಯದೇ ತೊಂದರೆ.

ಇದೆಲ್ಲ ದಾಟಿದರೆ ಮಾತ್ರ ವಾಸಯೋಗ್ಯವೇ ಅನ್ನುವ ಪ್ರಶ್ನೆ. ವಾಸಯೋಗ್ಯ ವಲಯದಲ್ಲಿದೆ ಅಂದರೆ ನೀರು ದ್ರವವಾಗಿ ಇರಬಹುದಾದಷ್ಟು ಶಾಖ ಬೀಳುತ್ತಿದೆ ಅಂತ ಅಷ್ಟೇ. ಗಾಳಿ ಇದೆಯೋ ಇಲ್ಲವೋ ತಗ್ಗು ಹೇಳುವುದಿಲ್ಲ. ಶುಕ್ರ ಹೆಚ್ಚುಕಡಿಮೆ ಭೂಮಿಯಷ್ಟೇ ದೊಡ್ಡದು, ನೆಲ ಮಾತ್ರ ಸುಮಾರು 465 ಡಿಗ್ರಿ ಸೆಲ್ಸಿಯಸ್.

ನಕ್ಷತ್ರದ ಅಗಲವನ್ನೂ ಮತ್ತೊಮ್ಮೆ ಪರೀಕ್ಷಿಸಿ, ಗ್ರಹದ ಅಳತೆ ಅದರ ಮೇಲೇ ನಿಂತಿದೆ. ಟಿಓಐ-700 ನಕ್ಷತ್ರವನ್ನು ಮೊದಲು ಸೂರ್ಯನಂಥದ್ದು ಅಂತ ತಪ್ಪಾಗಿ ಬರೆದಿದ್ದರು, ಅದರ ಗ್ರಹಗಳು ದೊಡ್ಡದಾಗಿ, ಬಿಸಿಯಾಗಿ ಕಂಡವು. ತಪ್ಪು ಹಿಡಿದವರಲ್ಲಿ ಒಬ್ಬ ಹೈಸ್ಕೂಲ್ ಹುಡುಗನೂ ಇದ್ದ. ಅಳತೆ ತಿದ್ದಿದ ಮೇಲೆ, 37 ದಿನಕ್ಕೊಮ್ಮೆ ಸುತ್ತುವ ಗ್ರಹ ಹೆಚ್ಚುಕಡಿಮೆ ಭೂಮಿಯಷ್ಟೇ ಗಾತ್ರದ್ದು, ವಾಸಯೋಗ್ಯ ವಲಯದಲ್ಲೇ ಇದೆ ಅಂತ ಗೊತ್ತಾಯಿತು.