ಕೈಯಿಂದ ಎದೆಹಾಲು ಹಿಂಡುವಾಗ ಬೆರಳು ಎಲ್ಲಿಡಬೇಕು

ಕೈಯಿಂದ ಹಾಲು ತೆಗೆಯಲು ಕೂತ ಅನೇಕ ಬಾಣಂತಿಯರು ತೊಟ್ಟನ್ನೇ ಹಿಡಿದು ಹಿಂಡುತ್ತಾರೆ. ನೋವಾಗುತ್ತದೆ, ಬರುವುದು ಎರಡೇ ಹನಿ. ಆಮೇಲೆ ‘ನನಗೆ ಹಾಲೇ ಸಾಲದು’ ಎಂಬ ಕೊರಗು. ಎಷ್ಟೋ ಸಲ ಹಾಲಿಗೆ ಕೊರತೆಯಿರುವುದಿಲ್ಲ, ಬೆರಳಿಟ್ಟ ಜಾಗ ತಪ್ಪಿರುತ್ತದೆ.

ಹಾಲು ತಯಾರಾಗುವುದು ಸ್ತನದೊಳಗೆ ದ್ರಾಕ್ಷಿಗೊಂಚಲಿನಂತೆ ಹರಡಿರುವ ಪುಟ್ಟ ಗ್ರಂಥಿಗಳಲ್ಲಿ. ಅಲ್ಲಿಂದ ಸಣ್ಣ ನಾಳಗಳು ಒಂದಕ್ಕೊಂದು ಕೂಡುತ್ತಾ ತೊಟ್ಟಿಗೆ ಬರುತ್ತವೆ. ತೊಟ್ಟಿನ ಹಿಂದೆ ಹಾಲು ಶೇಖರವಾಗುವ ಚೀಲಗಳಿವೆ, ತೊಟ್ಟಿನಲ್ಲಿ 15–20 ನಾಳಗಳು ತೆರೆಯುತ್ತವೆ ಎಂದು ಹಳೆಯ ಪಠ್ಯಪುಸ್ತಕಗಳು ಬರೆದವು. 2005ರಲ್ಲಿ ಪ್ರಕಟವಾದ ಅಲ್ಟ್ರಾಸೌಂಡ್ ಅಧ್ಯಯನದಲ್ಲಿ ಚೀಲಗಳು ಕಾಣಲಿಲ್ಲ. ತೆರೆಯುವ ನಾಳಗಳು ಸರಾಸರಿ ಒಂಬತ್ತು, ಒಂದೊಂದರ ಅಗಲ ಸುಮಾರು 2 ಮಿ.ಮೀ. ಗ್ರಂಥಿಭಾಗದ ಹೆಚ್ಚಿನ ಪಾಲು ತೊಟ್ಟಿನ ಬುಡದಿಂದ 3 ಸೆಂ.ಮೀ. ಒಳಗೇ ಇತ್ತು. ಸ್ತನದ ಗಾತ್ರವನ್ನು ಹೆಚ್ಚಾಗಿ ನಿರ್ಧರಿಸುವುದು ಕೊಬ್ಬು. ಹಾಗಾಗಿ ಸಣ್ಣ ಸ್ತನವೆಂದರೆ ಕಡಿಮೆ ಹಾಲು ಎಂಬ ಮಾತನ್ನು ದಯವಿಟ್ಟು ನಂಬಬೇಡಿ.

ತೊಟ್ಟಿನ ಹಿಂದೆ ಹಾಲು ಕಾದು ಕುಳಿತಿರುವುದಿಲ್ಲವಾದ್ದರಿಂದ ಅದನ್ನು ಮೊದಲು ಇಳಿಸಿಕೊಳ್ಳಬೇಕು. ಆಕ್ಸಿಟೋಸಿನ್ ಹಾರ್ಮೋನು ಬಿಡುಗಡೆಯಾದಾಗ ಗ್ರಂಥಿಗಳ ಸುತ್ತಲಿನ ಸ್ನಾಯುಕೋಶಗಳು ಅಮುಕಿ ಹಾಲನ್ನು ನಾಳಕ್ಕೆ ದೂಡುತ್ತವೆ. ನೋವು, ಗಾಬರಿ, ಅವಸರ ಇದನ್ನು ತಡೆಯುತ್ತವೆ. ಸೋಪಿನಿಂದ ಕೈ ತೊಳೆದು ಆರಾಮವಾಗಿ ಕೂತುಕೊಳ್ಳಿ. ಮಗು ಹತ್ತಿರವಿದ್ದರೆ ಒಳ್ಳೆಯದು. ಬೆಚ್ಚನೆಯ ಒದ್ದೆ ಬಟ್ಟೆಯನ್ನು ಒಂದೆರಡು ನಿಮಿಷ ಇಟ್ಟು, ಸ್ತನವನ್ನು ಅಂಗೈಯಿಂದ ಹಗುರವಾಗಿ ನೀವಿ.

ಈಗ ಹೆಬ್ಬೆರಳನ್ನು ತೊಟ್ಟಿನ ಮೇಲ್ಗಡೆ, ತೋರುಬೆರಳನ್ನು ಕೆಳಗಡೆ ಎದುರುಬದುರಾಗಿ ಇಡಿ. ಎರಡೂ ತೊಟ್ಟಿನ ಬುಡದಿಂದ 2–3 ಸೆಂ.ಮೀ. ಹಿಂದಿರಲಿ. ತೊಟ್ಟಿನ ಸುತ್ತಲಿನ ಕಪ್ಪು ಭಾಗದ ಅಂಚನ್ನು ಗುರುತಾಗಿ ನೆಚ್ಚಬೇಡಿ, ಅದು ಒಬ್ಬೊಬ್ಬರಿಗೆ ಒಂದೊಂದು ಅಗಲ. ಮೊದಲು ಎದೆಗೂಡಿನ ಕಡೆಗೆ ಒಳಕ್ಕೆ ಒತ್ತಿ, ಆ ಒತ್ತು ಬಿಡದೆ ಎರಡೂ ಬೆರಳನ್ನು ಕೂಡಿಸಿ, ನಂತರ ಸಡಿಲಿಸಿ. ಬೆರಳು ಚರ್ಮದ ಮೇಲೆ ಜಾರಬಾರದು: ಜಾರಿದರೆ ಚರ್ಮ ಉಜ್ಜಿ ಕೆಂಪಾಗುತ್ತದೆಯೇ ಹೊರತು ನಾಳ ಅಮುಕುವುದಿಲ್ಲ. ಮೊದಲ ಒಂದೆರಡು ನಿಮಿಷ ಏನೂ ಬರದಿದ್ದರೂ ಅದೇ ಲಯದಲ್ಲಿ ಮುಂದುವರಿಸಿ. ಧಾರೆ ನಿಧಾನವಾದಾಗ ಬೆರಳುಗಳನ್ನು ಗಡಿಯಾರದ ಮುಳ್ಳಿನಂತೆ ಸುತ್ತ ಸರಿಸುತ್ತಾ ಹೋಗಿ. ಒಂದು ಸ್ತನದಲ್ಲಿ 3–5 ನಿಮಿಷ, ಮತ್ತೊಂದರಲ್ಲಿ ಅಷ್ಟೇ, ಪುನಃ ಮೊದಲಿನದರಲ್ಲಿ. ಒಟ್ಟು 20–30 ನಿಮಿಷ ಸಾಕು.

ಹೆರಿಗೆಯಾದ ಮೊದಲ ದಿನ ಸಿಗುವುದು ಗಟ್ಟಿಯಾದ ಹಳದಿ ಹಾಲು, ಒಮ್ಮೆಗೆ ಚಮಚದಷ್ಟೂ ಬರದಿರಬಹುದು. ನವಜಾತ ಶಿಶುವಿಗೆ ಬೇಕಾದ್ದೂ ಅಷ್ಟೇ, ಅದನ್ನು ಚೆಲ್ಲಬೇಡಿ. ಮಗುವಿಗೆ ಇನ್ನೂ ಮೊಲೆ ಚೀಪಲು ಆಗದಿದ್ದರೆ 24 ಗಂಟೆಗಳಲ್ಲಿ 8ರಿಂದ 12 ಸಲ, ರಾತ್ರಿಯೂ ಸೇರಿ, ಹಿಂಡಬೇಕು. ಒಳಗೆ ಹಾಲು ತುಂಬಿಯೇ ಉಳಿದರೆ ಉತ್ಪಾದನೆ ಇಳಿಯುತ್ತದೆ.

ಹಾಲು ಕಟ್ಟಿ ಸ್ತನ ಬಿಗಿದಿದ್ದರೆ ಬಲ ಹಾಕಬೇಡಿ. ತೊಟ್ಟಿನ ಬುಡದ ಸುತ್ತ ಬೆರಳತುದಿಗಳನ್ನಿಟ್ಟು ಒಂದು ನಿಮಿಷ ಒಳಕ್ಕೆ ಮೆಲ್ಲಗೆ ಒತ್ತಿ ಹಿಡಿದರೆ ಊತದ ನೀರು ಹಿಂದೆ ಸರಿದು ಆ ಭಾಗ ಮೆದುವಾಗುತ್ತದೆ. ಗಂಟನ್ನು ಒಡೆಯಲೆಂದು ಜೋರಾಗಿ ತಿಕ್ಕಿದರೆ ಒಳಗಿನ ಊತ ಇನ್ನೂ ಹೆಚ್ಚುತ್ತದೆ. ಹಿಂಡಿದ ಮೇಲೆ ತಣ್ಣನೆಯ ಬಟ್ಟೆ ಇಡಿ. ಕೆಂಪಾದ ಬಿಸಿ ಜಾಗದ ಜೊತೆ ಜ್ವರ, ಚಳಿ ಬಂದರೆ ವೈದ್ಯರನ್ನು ಕಾಣಿ. ಆಗಲೂ ಹಾಲು ಕೊಡುವುದನ್ನು ಥಟ್ಟನೆ ನಿಲ್ಲಿಸಬೇಡಿ.

ತೆಗೆದ ಹಾಲು 25 ಡಿಗ್ರಿ ಸೆಲ್ಸಿಯಸ್‌ವರೆಗಿನ ಕೋಣೆಯಲ್ಲಿ 4 ಗಂಟೆ, ಫ್ರಿಜ್‌ನಲ್ಲಿ 4 ದಿನ ಇರುತ್ತದೆ. ಫ್ರಿಜ್ ಬಾಗಿಲಲ್ಲಿ ತಾಪ ಏರಿಳಿಯುವುದರಿಂದ ಒಳಗಡೆ ಹಿಂಬದಿಯಲ್ಲಿಡಿ. ಬಿಸಿನೀರಿನ ಪಾತ್ರೆಯಲ್ಲಿಟ್ಟು ಬೆಚ್ಚಗೆ ಮಾಡಿ. ಮೈಕ್ರೋವೇವ್ ಬೇಡ, ಅದರಲ್ಲಿ ಹಾಲು ಅಲ್ಲಲ್ಲಿ ಕುದಿಯುವಷ್ಟು ಕಾದು ಮಗುವಿನ ಬಾಯಿ ಸುಡಬಹುದು.